ತುಟಿಯ ಬಣ್ಣಕ್ಕೂ ಒಂದು ಚರಿತ್ರೆ ಇದೆ

"ಹೋರಾಟ ಮಾಡೋ ಹೆಣ್ಮಕ್ಕಳಿಗೆ ಲಿಪ್‌ಸ್ಟಿಕ್ ಯಾಕ್ರೀ?" ಅಂತ ಕೇಳೋರು ನಮ್ಮೊಳಗೂ ಇದ್ದಾರೆ, ಹೊರಗೂ ಇದ್ದಾರೆ. ಅವರಿಗಾಗಿ ಸ್ವಲ್ಪ ಚರಿತ್ರೆ. ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಇವತ್ತು "ಅಳಿಸಲ್ಲ, ಮೆತ್ತಿಕೊಳ್ಳಲ್ಲ" ಅಂತ ಮಾರೋ ಲಿಪ್‌ಸ್ಟಿಕ್ ಇದೆಯಲ್ಲ, ಅದನ್ನು ಜನಪ್ರಿಯ ಮಾಡಿದ್ದು ಹೇಜಲ್ ಬಿಷಪ್ ಅನ್ನೋ ಅಮೆರಿಕದ ರಸಾಯನಶಾಸ್ತ್ರಜ್ಞೆ. ಆಗಿನ ಲಿಪ್‌ಸ್ಟಿಕ್ ಲೋಟಕ್ಕೆ, ಹಲ್ಲಿಗೆ, ಬಟ್ಟೆಗೆ ಅಂಟುತ್ತಿತ್ತು. ಅಂಟದೆ ನಿಲ್ಲುವಂಥವು ತುಟಿಯನ್ನೇ ಒಣಗಿಸುತ್ತಿದ್ದವು. ಬಿಷಪ್ ತಮ್ಮ ಮನೆಯ ಅಡುಗೆಮನೆಯಲ್ಲೇ 309 ಪ್ರಯೋಗ ಮಾಡಿದರು. ಚರ್ಮಕ್ಕೇ ಹಿಡಿಯುವ ಬಣ್ಣವನ್ನು ಎಣ್ಣೆ, ಮೇಣದ ಜೊತೆ ಹದವಾಗಿ ಸೇರಿಸಿದರು. 1950ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಡಾಲರಿಗೆ ಮಾರಾಟಕ್ಕೆ ಬಂತು, ಜನ ಮುಗಿಬಿದ್ದು ಕೊಂಡರು.

ಆಮೇಲೆ ಏನಾಯ್ತು? ಜಾಹೀರಾತು ನೋಡಿಕೊಳ್ಳಲು ಬಂದವನೇ ಕಂಪನಿಯನ್ನು ಹಿಡಿತಕ್ಕೆ ತಗೊಂಡ. ಕೋರ್ಟು ಕಚೇರಿ ಅಲೆದು 1954ರಲ್ಲಿ ರಾಜಿಯಾದಾಗ, ತಮ್ಮದೇ ಹೆಸರಲ್ಲಿ ಸೌಂದರ್ಯವರ್ಧಕ ಮಾರುವ ಹಕ್ಕೂ ಬಿಷಪ್ ಕೈಯಲ್ಲಿ ಉಳಿಯಲಿಲ್ಲ. ದುಡಿದವರು ಒಬ್ಬರು, ಹೆಸರು ಲಾಭ ಇನ್ನೊಬ್ಬರಿಗೆ. ಈ ಕತೆ ನಮಗೆ ಹೊಸದಾ?

ಬಣ್ಣ ನಿಲ್ಲೋದೇನೋ ನಿಂತಿತು. ಆದರೆ ಯಾರ ಮುಖದ ಮೇಲೆ? ಕಪ್ಪು ಜನರ 'ಎಬೊನಿ' ಪತ್ರಿಕೆಯವರು 1958ರಿಂದ ಊರೂರಿಗೆ ಫ್ಯಾಷನ್ ಶೋ ಒಯ್ಯುತ್ತಿದ್ದರು. ಅದರ ರೂಪದರ್ಶಿಯರ ಮೈಬಣ್ಣಕ್ಕೆ ಹೊಂದುವ ಮೇಕಪ್ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ತಾವೇ ಎರಡು ಮೂರು ಬಣ್ಣ ಕಲಸಿ ಹಚ್ಚಿಕೊಳ್ಳುತ್ತಿದ್ದರು. ದೊಡ್ಡ ಕಂಪನಿಗಳನ್ನು ಕೇಳಿದ್ರೆ ಒಪ್ಪಲಿಲ್ಲ. ಕೊನೆಗೆ 1973ರಲ್ಲಿ ಯೂನಿಸ್ ಜಾನ್ಸನ್ 'ಫ್ಯಾಷನ್ ಫೇರ್' ಅನ್ನೋ ತಮ್ಮದೇ ಮೇಕಪ್ ಕಂಪನಿ ಶುರು ಮಾಡಿದರು.

ಎರಡೇ ವರ್ಷಕ್ಕೆ, 1975ರಲ್ಲಿ, ನಮ್ಮ ದೇಶಕ್ಕೆ ಬಂದಿದ್ದು ಏನು ಗೊತ್ತಾ? 'ಫೇರ್ ಅಂಡ್ ಲವ್ಲಿ'. ಅಲ್ಲಿ ಚರ್ಮಕ್ಕೆ ತಕ್ಕ ಬಣ್ಣ ಮಾಡಿದರು, ಇಲ್ಲಿ ಚರ್ಮವನ್ನೇ ಬದಲಾಯಿಸಿಕೋ ಅಂದರು. 'ಫೇರ್' ಅನ್ನೋ ಪದ ತೆಗೆಯೋಕೆ 2020ರ ತನಕ ಕಾಯಬೇಕಾಯ್ತು. ಡಬ್ಬಿ ಮೇಲಿನ ಹೆಸರು ಅಳಿಸಿತು, ತಲೆಯೊಳಗಿನದು ಮಾತ್ರ ಯಾವ ಲಿಪ್‌ಸ್ಟಿಕ್ಕಿಗಿಂತಲೂ ಗಟ್ಟಿಯಾಗಿ ಕೂತಿದೆ.

ಈಗ ಬಾಬಾಸಾಹೇಬರ ಹತ್ತಿರ ಬರೋಣ. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟ ದಿನಗಳಲ್ಲೇ ಅವರು ನಮ್ಮ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಮಾತಾಡಿದರು. ಸೀರೆ ಉಡುವ ರೀತಿ, ಕೈ ಕೊರಳಿನ ಭಾರದ ಒಡವೆ, ಇವೇ ನಿಮ್ಮ ಜಾತಿ ಸಾರಿ ಹೇಳುತ್ತಿವೆ, ಬಿಡಿ ಅಂದರು. ಅವತ್ತೇ ಎಷ್ಟೋ ತಾಯಂದಿರು ಸೀರೆ ಉಡುವ ರೀತಿ ಬದಲಿಸಿದರು. ನಾವು ಹೇಗೆ ಕಾಣಬೇಕು ಅನ್ನೋದನ್ನು ನಾವೇ ತೀರ್ಮಾನಿಸೋದೂ ಹೋರಾಟವೇ ಅಂತ ಆ ತಾಯಂದಿರು ತೋರಿಸಿಕೊಟ್ಟರು.

ಅದಕ್ಕೇ ತಂಗಿಯರೇ, ಲಿಪ್‌ಸ್ಟಿಕ್ ಹಚ್ಚೋದು ಬಿಡೋದು ನಿಮ್ಮಿಷ್ಟ. ಹಚ್ಚೋದಾದ್ರೆ ಜಾಹೀರಾತಿನ ಬಿಳಿ ಮುಖ ನೋಡಿ ಕೊಳ್ಳಬೇಡಿ, ನಿಮ್ಮ ಚರ್ಮದ ಪಕ್ಕ ಹಿಡಿದು, ಬೆಳಕಲ್ಲಿ ನೋಡಿ ಕೊಳ್ಳಿ. ತಿಳಿಯಾಗಿ ಕಾಣಿಸೋ ಬಣ್ಣ ಅಂತ ಅಂಗಡಿಯವನು ಕೊಟ್ಟರೆ ವಾಪಸ್ ಕೊಡಿ. ನಮ್ಮ ಕಪ್ಪು ಮುಚ್ಚಬೇಕಾದ ತಪ್ಪಲ್ಲ.

ಜೈ ಭೀಮ್.