ಮ್ಯಾಕ್‌ಡೊವೆಲ್: ಯಂತ್ರ ಬಂತು, ಊರು ಖಾಲಿಯಾಯ್ತು

ಇವತ್ತು ನಾನು ಹೇಳ್ತಿರೋದು ಅಮೆರಿಕದ ಒಂದು ಕೌಂಟಿಯ ಕತೆ. ಕೌಂಟಿ ಅಂದ್ರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ, ಆದರೆ ಚಿಕ್ಕದು. ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣ ತುದಿಯ ಬೆಟ್ಟಗಳಲ್ಲಿರುವ ಮ್ಯಾಕ್‌ಡೊವೆಲ್‌ನಲ್ಲಿ 1950ರಲ್ಲಿ 98,887 ಜನರಿದ್ದರು. 2020ರ ಜನಗಣತಿಗೆ ಸಿಕ್ಕಿದ್ದು 19,111 ಮಂದಿ. ಕಲ್ಲಿದ್ದಲು ಮುಗೀತು, ಜನ ಹೋದರು ಅಂತ ನಾನೂ ಅಂದುಕೊಂಡಿದ್ದೆ. ಅದು ಅಷ್ಟು ಸರಳ ಅಲ್ಲ.

1880ರ ದಶಕದ ಕೊನೆಗೆ ಇಲ್ಲಿಗೆ ರೈಲು ಬಂತು. ಇಲ್ಲಿನ ಪೊಕಹಾಂಟಸ್ ಕಲ್ಲಿದ್ದಲಿಗೆ ಹೊಗೆ ಕಮ್ಮಿ, ಶಾಖ ಜಾಸ್ತಿ. ಉಕ್ಕಿನ ಕಾರ್ಖಾನೆಗೂ ಹಡಗಿಗೂ ಅದೇ ಬೇಕಿತ್ತು. ದಕ್ಷಿಣದ ರಾಜ್ಯಗಳಿಂದ ಕಪ್ಪು ಕಾರ್ಮಿಕರು, ಇಟಲಿ, ಹಂಗೆರಿಯಿಂದ ವಲಸಿಗರು ಬಂದರು. ಮನೆ ಕಂಪನಿಯದು, ಅಂಗಡಿಯೂ ಕಂಪನಿಯದೇ. ಆ ಅಂಗಡಿಯಲ್ಲಷ್ಟೇ ನಡೆಯುವ ಟೋಕನ್ನೂ ಇತ್ತು. ಗ್ಯಾರಿ ಅನ್ನೋ ಊರಿಗೆ ಯು.ಎಸ್. ಸ್ಟೀಲ್ ಅಧ್ಯಕ್ಷ ಎಲ್ಬರ್ಟ್ ಗ್ಯಾರಿಯ ಹೆಸರು. ಯೂನಿಯನ್ ಸುಲಭಕ್ಕೆ ಬರಲಿಲ್ಲ. ಕಾರ್ಮಿಕರ ಪರ ನಿಂತಿದ್ದ ಪೊಲೀಸ್ ಅಧಿಕಾರಿ ಸಿಡ್ ಹ್ಯಾಟ್‌ಫೀಲ್ಡ್‌ನನ್ನ 1921ರ ಆಗಸ್ಟ್ 1ರಂದು ವೆಲ್ಚ್ ಪಟ್ಟಣದ ಕೋರ್ಟ್ ಮೆಟ್ಟಿಲ ಮೇಲೇ ಗುಂಡಿಟ್ಟು ಕೊಂದರು. ಕೊಂದವರು ಗಣಿ ಮಾಲೀಕರ ಕಡೆಯ ಖಾಸಗಿ ಪತ್ತೇದಾರರು. ಯಾರಿಗೂ ಶಿಕ್ಷೆ ಆಗಲಿಲ್ಲ.

ಆಮೇಲೆ ಯೂನಿಯನ್ ಗೆದ್ದಿತು. ನನ್ನ ಪ್ರಕಾರ ಕತೆಯ ಗಂಟು ಇರೋದು ಇಲ್ಲೇ. 1950ರಲ್ಲಿ ಯೂನಿಯನ್ ನಾಯಕ ಜಾನ್ ಎಲ್. ಲೂಯಿಸ್ ಮಾಲೀಕರ ಜೊತೆ ರಾಜಿ ಮಾಡಿಕೊಂಡ. ಗಣಿಗೆ ಯಂತ್ರ ಬರಲಿ, ನಾವು ಅಡ್ಡ ಬರಲ್ಲ. ಕೂಲಿ ಹೆಚ್ಚಿಸಿ, ಅಗೆದ ಪ್ರತಿ ಟನ್‌ಗೆ ಇಷ್ಟು ಅಂತ ಆಸ್ಪತ್ರೆ, ಪಿಂಚಣಿಯ ನಿಧಿಗೆ ಕೊಡಿ. ಇದನ್ನ ದ್ರೋಹ ಅನ್ನೋಕೆ ನನಗೆ ಬಾಯಿ ಬರಲ್ಲ. ಶ್ವಾಸಕೋಶ ಕೆಟ್ಟ ಗಣಿ ಕಾರ್ಮಿಕನಿಗೆ ಆಸ್ಪತ್ರೆ ಸಣ್ಣ ವಿಷಯ ಅಲ್ಲ. ಆದರೆ ನಿಧಿ ತುಂಬುತ್ತಿದ್ದುದು ಟನ್ ಲೆಕ್ಕದಲ್ಲಿ, ತಲೆ ಲೆಕ್ಕದಲ್ಲಲ್ಲ. ಕಲ್ಲಿದ್ದಲು ಕೊರೆದು ತಾನೇ ತುಂಬಿ ಕಳಿಸುವ ಯಂತ್ರ ಬಂದಾಗ ಹತ್ತಾರು ಜನರ ಕೆಲಸ ಕೆಲವರಿಗೇ ಸಾಕಾಯ್ತು. 1970ಕ್ಕೆ ಜನಸಂಖ್ಯೆ 50,666. ಇಪ್ಪತ್ತೇ ವರ್ಷದಲ್ಲಿ ಅರ್ಧಕ್ಕರ್ಧ! ರೈಲು ಮಾತ್ರ ಕಲ್ಲಿದ್ದಲು ಹೊತ್ತು ಹೋಗ್ತಾನೇ ಇತ್ತು.

1960ರಲ್ಲಿ ಚುನಾವಣೆಗೆ ಬಂದ ಕೆನಡಿ ಇಲ್ಲಿನ ಹಸಿವು ನೋಡಿದರು. ಮರುವರ್ಷ ಮೇ 29ರಂದು ದೇಶದ ಹೊಸ ಫುಡ್ ಸ್ಟಾಂಪ್ ಯೋಜನೆಯ ಮೊದಲ ಚೀಟಿಗಳು ಸಿಕ್ಕಿದ್ದು ಇದೇ ಕೌಂಟಿಯ 15 ಜನರ ಒಂದು ಕುಟುಂಬಕ್ಕೆ. ಅದರಲ್ಲಿ ಅವರು ಮೊದಲು ಕೊಂಡದ್ದು ಒಂದು ಡಬ್ಬ ಹಂದಿಮಾಂಸ-ಬೀನ್ಸ್.

1986ರಲ್ಲಿ ಯು.ಎಸ್. ಸ್ಟೀಲ್ ಗಣಿಗಳಿಗೆ ಬೀಗ ಹಾಕಿತು. 2016ರಲ್ಲಿ, ನೂರಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿದ್ದ ವಾಲ್‌ಮಾರ್ಟ್ ಅಂಗಡಿಯೂ ಮುಚ್ಚಿತು.