ಎಂಜಿನ್ ಎಣ್ಣೆಗಳ ಮಿಶ್ರಣ (ಚಳಿಗಾಲದ ಬಳಕೆ)

ಎಂಜಿನ್ ಎಣ್ಣೆಗಳ ಮಿಶ್ರಣ ಎಂದರೆ ಬೇರೆ ಬೇರೆ ದರ್ಜೆಯ ಅಥವಾ ಬೇರೆ ಬೇರೆ ತಯಾರಕರ ಕೀಲೆಣ್ಣೆಗಳನ್ನು ಒಂದೇ ಎಂಜಿನ್‌ನಲ್ಲಿ ಕೂಡಿಸಿ ಬಳಸುವುದು. ಎಣ್ಣೆಯ ಮಟ್ಟ ತಗ್ಗಿದಾಗ ಕೈಗೆ ಸಿಕ್ಕಿದ್ದನ್ನು ಸುರಿಯುವುದು ಇದರ ಒಂದು ರೂಪ. ಚಳಿಯಲ್ಲಿ ಎಂಜಿನ್ ಸುಲಭವಾಗಿ ಚಾಲೂ ಆಗಲೆಂದು ದಪ್ಪ ಎಣ್ಣೆಗೆ ತೆಳು ಎಣ್ಣೆಯನ್ನು ಉದ್ದೇಶಪೂರ್ವಕವಾಗಿ ಸೇರಿಸುವುದು ಇನ್ನೊಂದು ರೂಪ.

ದರ್ಜೆಗಳ ಅರ್ಥ

ದ್ರವವೊಂದು ಹರಿಯುವಿಕೆಗೆ ಒಡ್ಡುವ ಪ್ರತಿರೋಧಕ್ಕೆ ಸ್ನಿಗ್ಧತೆ ಎನ್ನುತ್ತಾರೆ. ಉಷ್ಣಾಂಶ ಇಳಿದಂತೆ ಎಣ್ಣೆಯ ಸ್ನಿಗ್ಧತೆ ಏರುತ್ತದೆ. ಅಮೆರಿಕದ ಎಸ್‌ಎಇ ಸಂಸ್ಥೆಯ ಜೆ300 ಮಾನಕವು ಎಂಜಿನ್ ಎಣ್ಣೆಗಳನ್ನು ಸ್ನಿಗ್ಧತೆಯ ಆಧಾರದ ಮೇಲೆ ವಿಂಗಡಿಸುತ್ತದೆ. ಡಬ್ಬಿಯ ಮೇಲಿನ ‘20ಡಬ್ಲ್ಯೂ-40’ ಎಂಬ ಬರಹದಲ್ಲಿ ‘ಡಬ್ಲ್ಯೂ’ ತೂಕವನ್ನು ಸೂಚಿಸುತ್ತದೆಂದು ಅನೇಕರು ತಿಳಿದಿದ್ದಾರೆ. ಅದು ಚಳಿಗಾಲವನ್ನು ಸೂಚಿಸುವ ‘ವಿಂಟರ್’ ಪದದ ಮೊದಲ ಅಕ್ಷರ. ಅದರ ಹಿಂದಿನ ಸಂಖ್ಯೆ ಚಳಿಯಲ್ಲಿನ ವರ್ತನೆಗೆ, ಮುಂದಿನ ಸಂಖ್ಯೆ ಬಿಸಿ ಎಂಜಿನ್‌ನಲ್ಲಿನ ವರ್ತನೆಗೆ ಸಂಬಂಧಿಸಿದ್ದು. ಎಂಜಿನ್ ತಿರುಗುವ ಪರೀಕ್ಷೆಯನ್ನು 20ಡಬ್ಲ್ಯೂ ಎಣ್ಣೆಗೆ -15 ಡಿಗ್ರಿ ಸೆಲ್ಸಿಯಸ್‌ನಲ್ಲಿ, 15ಡಬ್ಲ್ಯೂಗೆ -20ರಲ್ಲಿ, 10ಡಬ್ಲ್ಯೂಗೆ -25ರಲ್ಲಿ, 5ಡಬ್ಲ್ಯೂಗೆ -30ರಲ್ಲಿ, 0ಡಬ್ಲ್ಯೂಗೆ -35ರಲ್ಲಿ ಮಾಡುತ್ತಾರೆ. ಪಂಪು ಎಣ್ಣೆಯನ್ನು ಎಳೆಯಬಲ್ಲದೇ ಎಂಬ ಪರೀಕ್ಷೆ ಇವುಗಳಿಗಿಂತ ಐದು ಡಿಗ್ರಿ ಕೆಳಗೆ ನಡೆಯುತ್ತದೆ.

ಬೆರೆಸಿದಾಗ ಆಗುವುದೇನು

ಇಂದಿನ ಎಂಜಿನ್ ಎಣ್ಣೆಗಳು ಖನಿಜಜನ್ಯವಾಗಿರಲಿ ಸಂಶ್ಲೇಷಿತವಾಗಿರಲಿ, ಒಂದರೊಡನೊಂದು ಬೆರೆಯಬೇಕೆಂಬುದು ಮಾನಕಗಳ ನಿಬಂಧನೆ. ಇದನ್ನು ಪರೀಕ್ಷಿಸಲು ಎಎಸ್‌ಟಿಎಂ ಡಿ6922 ಎಂಬ ಪ್ರತ್ಯೇಕ ವಿಧಾನವೇ ಇದೆ. ಆದ್ದರಿಂದ ಎರಡು ಬ್ರಾಂಡಿನ ಎಣ್ಣೆ ಸೇರಿದೊಡನೆ ಒಡೆದ ಹಾಲಿನಂತೆ ಗಟ್ಟಿಯಾಗಿ ಎಂಜಿನ್ ಕೆಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಆದರೆ ಬೆರೆಯುವುದು ಬೇರೆ, ಒಳ್ಳೆಯ ಎಣ್ಣೆಯಾಗುವುದು ಬೇರೆ. ಪ್ರತಿ ತಯಾರಕನೂ ಮೂಲತೈಲಕ್ಕೆ ಮಾರ್ಜಕ, ಸವೆತನಿರೋಧಕ, ಸ್ನಿಗ್ಧತಾವರ್ಧಕ ಪಾಲಿಮರ್, ಮೇಣವು ಹೆಪ್ಪುಗಟ್ಟುವುದನ್ನು ತಡೆಯುವ ದ್ರವ್ಯ ಮೊದಲಾದವನ್ನು ತನ್ನದೇ ಪ್ರಮಾಣದಲ್ಲಿ ಸೇರಿಸಿ, ಆ ಒಟ್ಟು ಸಂಯೋಜನೆಯನ್ನು ಪರೀಕ್ಷೆಗೊಳಪಡಿಸಿರುತ್ತಾನೆ. ನಾವು ಮನೆಯಲ್ಲಿ ಮಾಡಿದ ಮಿಶ್ರಣವನ್ನು ಯಾರೂ ಪರೀಕ್ಷಿಸಿರುವುದಿಲ್ಲ.

ಲೆಕ್ಕವೂ ಸರಳವಲ್ಲ. ಸಮಪ್ರಮಾಣದ 20ಡಬ್ಲ್ಯೂ-40 ಮತ್ತು 5ಡಬ್ಲ್ಯೂ-30 ಸೇರಿ ‘12.5ಡಬ್ಲ್ಯೂ-35’ ಆಗುವುದಿಲ್ಲ, ಅಂಥ ದರ್ಜೆಯೇ ಇಲ್ಲ. ಮಿಶ್ರಣದ ಸ್ನಿಗ್ಧತೆ ಸರಾಸರಿಗಿಂತ ತುಸು ಕಡಿಮೆಯಿದ್ದು ತೆಳು ಎಣ್ಣೆಯತ್ತ ವಾಲುತ್ತದೆ. 100 ಡಿಗ್ರಿಯಲ್ಲಿ 14 ಸೆಂಟಿಸ್ಟೋಕ್ಸ್ ಇರುವ 40ರ ದರ್ಜೆಯ ಎಣ್ಣೆಗೆ 10 ಸೆಂಟಿಸ್ಟೋಕ್ಸ್‌ನ 30ರ ದರ್ಜೆಯದನ್ನು ಅರ್ಧಕ್ಕರ್ಧ ಸೇರಿಸಿದರೆ ಸುಮಾರು 12 ಬರುತ್ತದೆ. 40ರ ದರ್ಜೆಯ ಕೆಳಮಿತಿ 12.5. ಅಂದರೆ ಮಿಶ್ರಣ 30ರ ದರ್ಜೆಗೆ ಇಳಿದುಹೋಯಿತು. ಬೇಸಿಗೆ ಬಂದಾಗಲೂ ಅದೇ ಎಣ್ಣೆ ಎಂಜಿನ್‌ನಲ್ಲಿದ್ದರೆ ಹೊರೆ ಎಳೆಯುವ ವಾಹನದ ಬೇರಿಂಗುಗಳಿಗೆ ಅದು ಸಾಲದು. ಇತ್ತ ಚಳಿಯ ವರ್ತನೆಯನ್ನಂತೂ ಪ್ರಯೋಗಾಲಯವಿಲ್ಲದೆ ಊಹಿಸಲಾಗದು.

ಉತ್ತರ ಕರ್ನಾಟಕದ ಸಂದರ್ಭ

ಬೆಳಗಾವಿ ಜಿಲ್ಲೆಯ ರಾಮದುರ್ಗ, ಸವದತ್ತಿ, ಬೈಲಹೊಂಗಲ ಮತ್ತು ಕಿತ್ತೂರು ಭಾಗಗಳಲ್ಲಿ ಚಳಿಗಾಲವೇ ವಾಹನಗಳಿಗೆ ದುಡಿಮೆಯ ಕಾಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ನಸುಕಿನಲ್ಲೇ ಕಾರ್ಖಾನೆಗಳತ್ತ ಹೊರಡುತ್ತವೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ವಾಹನಗಳ ಸಾಲು ಏರುತ್ತದೆ. ‘ಥಂಡಿಗೆ ಎಣ್ಣಿ ಗಟ್ಟಿ ಆಗೇತಿ’ ಎಂಬ ಮಾತು ಆಗ ಸಾಮಾನ್ಯ. ಆದರೆ ಮಲಪ್ರಭೆಯ ದಂಡೆಯ ಈ ಊರುಗಳಲ್ಲಿ ಚಳಿಗಾಲದ ರಾತ್ರಿಯ ಉಷ್ಣಾಂಶ ಶೂನ್ಯದ ಸಮೀಪಕ್ಕೂ ಹೋಗುವುದಿಲ್ಲ. 20ಡಬ್ಲ್ಯೂ ಎಣ್ಣೆಗೂ ಇಲ್ಲಿನ ಚಳಿ ಸವಾಲಲ್ಲ. ಬೆಳಗ್ಗೆ ಡೀಸೆಲ್ ಎಂಜಿನ್ ಮೊಂಡು ಹಿಡಿಯಲು ಹೆಚ್ಚಾಗಿ ಕಾರಣ ದುರ್ಬಲ ಬ್ಯಾಟರಿ, ಸವೆದ ಪಿಸ್ಟನ್ ಉಂಗುರ, ಇಂಧನದ ಹಾದಿಯಲ್ಲಿ ಸೇರಿದ ಗಾಳಿ ಅಥವಾ ಬದಲಿಸದೆ ಬಿಟ್ಟ ಹಳೆಯ ಎಣ್ಣೆ. ಇವನ್ನು ಬಿಟ್ಟು ಎಣ್ಣೆ ತೆಳುಗೊಳಿಸುವುದು ತಲೆನೋವಿಗೆ ಕಾಲು ಒತ್ತಿದಂತೆ.

ಇದೇ ಊರುಗಳಿಂದ ಉತ್ತರಕ್ಕೆ ಹೋಗುವ ಲಾರಿ ಚಾಲಕರ ಮತ್ತು ಯೋಧರ ಸ್ಥಿತಿ ಬೇರೆ. ಲೇಹ್‌ನಲ್ಲಿ ಜನವರಿಯ ರಾತ್ರಿ ಉಷ್ಣಾಂಶ -10ಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ದ್ರಾಸ್‌ನಲ್ಲಿ -20ನ್ನೂ ದಾಟುತ್ತದೆ. ಅಲ್ಲಿ 20ಡಬ್ಲ್ಯೂ ಎಣ್ಣೆ ಪಂಪಿಗೆ ಏರದೆ ಬೇರಿಂಗ್ ಒಣಗಿಯೇ ತಿರುಗುವ ಅಪಾಯವುಂಟು. ಹೊರಡುವ ಮುನ್ನ ಹಳೆಯ ಎಣ್ಣೆಯನ್ನು ಪೂರ್ತಿ ಇಳಿಸಿ, ತಯಾರಕರ ಕೈಪಿಡಿ ಒಪ್ಪುವ 5ಡಬ್ಲ್ಯೂ ಅಥವಾ 0ಡಬ್ಲ್ಯೂ ದರ್ಜೆಯನ್ನು ತುಂಬುವುದೇ ಸರಿಯಾದ ಕ್ರಮ.

ಬೆರೆಸಬಾರದವು

ಎಣ್ಣೆಗೆ ಇಂಧನ ಸೇರಿಸಿ ತೆಳುಗೊಳಿಸುವುದು ಹಳೆಯ ಉಪಾಯ. ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿ ಎಂಜಿನ್ ನಿಲ್ಲಿಸುವ ಮುನ್ನ ಎಣ್ಣೆಗೆ ಪೆಟ್ರೋಲ್ ಬೆರೆಸುವ ವ್ಯವಸ್ಥೆಯೇ ಇತ್ತು. ಎಂಜಿನ್ ಬಿಸಿಯಾದಾಗ ಅದು ಆವಿಯಾಗಿ ಹೋಗುತ್ತಿತ್ತು. ಸೀಮೆಎಣ್ಣೆ, ಡೀಸೆಲ್‌ಗಳು ಹಾಗೆ ಬೇಗನೆ ಆವಿಯಾಗವು. ಅವು ಎಣ್ಣೆಯಲ್ಲೇ ಉಳಿದು ಬೇರಿಂಗನ್ನು ಸವೆಸುತ್ತವೆ.

ಗೇರ್ ಎಣ್ಣೆಯನ್ನು ಎಂಜಿನ್‌ಗೆ ಹಾಕಬಾರದು. ಅದರ 90, 140 ಎಂಬ ಅಂಕಿಗಳು ಬೇರೆ ಅಳತೆಗೋಲಿನವು, ಅದರಲ್ಲಿರುವ ಗಂಧಕದ ಸಂಯುಕ್ತಗಳು ಎಂಜಿನ್‌ಗೆ ಹಿತವಲ್ಲ. ಕಾರಿನ ಕೆಲವು ಎಣ್ಣೆಗಳಲ್ಲಿ ಘರ್ಷಣೆ ತಗ್ಗಿಸುವ ದ್ರವ್ಯವಿರುವುದರಿಂದ ಮೋಟಾರ್ ಸೈಕಲ್ಲಿನ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಜಾರುತ್ತದೆ. ಜಾಸೊ ಎಂಎ ಗುರುತಿನ ಎಣ್ಣೆಗಳು ಇದಕ್ಕಾಗಿಯೇ ಇವೆ. 2020ರಲ್ಲಿ ಜಾರಿಯಾದ ಬಿಎಸ್-6 ನಿಯಮದ ನಂತರದ ಡೀಸೆಲ್ ವಾಹನಗಳ ಮಸಿಶೋಧಕಕ್ಕೆ ಕಡಿಮೆ ಬೂದಿಯ ಎಣ್ಣೆ ಬೇಕು. ಹಳೆಯ ಟ್ರ್ಯಾಕ್ಟರಿನ ಎಣ್ಣೆಯನ್ನು ಇವಕ್ಕೆ ಸೇರಿಸಿದರೆ ಶೋಧಕ ಕಾಲಕ್ರಮೇಣ ಕಟ್ಟಿಕೊಳ್ಳುತ್ತದೆ.

ನಿಜವಾಗಿಯೂ ಬೆರೆಯದ ಎಣ್ಣೆ ನಮ್ಮ ಬಂಡಿಯ ಅಚ್ಚಿಗೆ ಹಚ್ಚುತ್ತಿದ್ದ ಹರಳೆಣ್ಣೆ. ಮೊದಲ ವಿಮಾನ ಹಾಗೂ ಪಂದ್ಯದ ಕಾರುಗಳ ಎಂಜಿನ್‌ಗಳಿಗೂ ಅದೇ ಕೀಲೆಣ್ಣೆಯಾಗಿತ್ತು. ‘ಕ್ಯಾಸ್ಟ್ರಾಲ್’ ಎಂಬ ಹೆಸರು ಬಂದದ್ದು ಅದರ ಇಂಗ್ಲಿಷ್ ಹೆಸರಿನಿಂದ. ಖನಿಜ ಎಣ್ಣೆಯೊಡನೆ ಅದು ಸರಿಯಾಗಿ ಕರಗದೆ ಬೇರ್ಪಡುತ್ತದೆ.

ತುರ್ತುಸ್ಥಿತಿ

ದಾರಿಯಲ್ಲಿ ಎಣ್ಣೆಯ ಮಟ್ಟ ಕೆಳಗಿನ ಗೆರೆಗಿಂತ ಇಳಿದಿದ್ದರೆ, ಬೇರೆ ಬ್ರಾಂಡಿನದಾದರೂ ಎಂಜಿನ್ ಎಣ್ಣೆಯನ್ನೇ ಹಾಕಿ ಮಟ್ಟ ಸರಿಪಡಿಸುವುದು ಲೇಸು. ಎಣ್ಣೆಯಿಲ್ಲದೆ ಓಡಿಸುವುದರ ಹಾನಿ ಮಿಶ್ರಣದ ಹಾನಿಗಿಂತ ಬಹಳ ದೊಡ್ಡದು. ನಾಲ್ಕು ಲೀಟರಿನ ಎಂಜಿನ್‌ಗೆ ಅರ್ಧ ಲೀಟರು ಸೇರಿಸಿದರೆ ದರ್ಜೆಯಲ್ಲಿ ಹೆಚ್ಚಿನ ವ್ಯತ್ಯಾಸವಾಗದು. ಮೊಹರಿಲ್ಲದ ಬಿಡಿ ಎಣ್ಣೆಯನ್ನು ಮಾತ್ರ ಕೊಳ್ಳಬಾರದು. ಸೇರಿಸಿದ ದಿನಾಂಕ ಮತ್ತು ದರ್ಜೆಯನ್ನು ಬರೆದಿಟ್ಟುಕೊಂಡು, ಊರು ತಲುಪಿದ ಮೇಲೆ ಎಣ್ಣೆಯನ್ನೂ ಶೋಧಕವನ್ನೂ ಬದಲಿಸಬಹುದು.