ಒಂದೇ ಪ್ರಯಾಣ, ಇಬ್ಬರ ವ್ಯಾಸಂಗ

ಮದುವೆಯಾದ ಮಗ ಉನ್ನತ ವ್ಯಾಸಂಗಕ್ಕೆಂದು ಪತ್ನಿಯೊಡನೆ ಪರರಾಜ್ಯಕ್ಕೆ ಹೊರಟಾಗ ಸೊಸೆಯ ಓದಿನ ಬಗ್ಗೆ ನಾವು ವಿಚಾರಿಸುತ್ತೇವೆಯೇ? ನಮ್ಮ ಜಿಲ್ಲೆಯ ಚರಿತ್ರೆಯನ್ನು ಸ್ವಲ್ಪ ಗಮನಿಸೋಣ.

1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡವು ಮದ್ರಾಸಿಗೆ ಸೇರಿತ್ತು. ಹೆಚ್ಚಿನ ಓದಿಗೆ ಇಲ್ಲಿಯವರು ಮದ್ರಾಸಿಗೇ ಹೋಗುತ್ತಿದ್ದರು. 1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿಯವರು ಚಿಕ್ಕ ವಯಸ್ಸಿನಲ್ಲೇ ವಿಧವೆಯಾದರೂ ಅಲ್ಲಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದಿದರು. ಮುಂದೆ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವರಿಸಿದರು. ಪತಿ ಲಂಡನ್ನಿಗೆ ಹೋದಾಗ ತಾವೂ ತೆರಳಿ ಬೆಡ್‌ಫರ್ಡ್ ಕಾಲೇಜಿಗೆ ಸೇರಿ ಸಮಾಜಶಾಸ್ತ್ರ ಕಲಿತರು. ಪತಿಯ ಪ್ರಯಾಣವೇ ಅವರ ಓದಿಗೂ ದಾರಿಯಾಯಿತು.

ಎಲ್ಲರಿಗೂ ಈ ಭಾಗ್ಯ ಸಿಗಲಿಲ್ಲ. 1936ರಲ್ಲಿ ಕಾಸರಗೋಡಿನಲ್ಲಿ ಜನಿಸಿದ ಸಾರಾ ಅಬೂಬಕ್ಕರ್ ಅವರು ಅಲ್ಲಿ ಶಾಲೆ ಮುಗಿಸಿದ ಮೊದಮೊದಲ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಒಬ್ಬರು. ಕಾಲೇಜಿನ ಆಸೆಯಿತ್ತು, ಸಮಾಜದ ಕಟ್ಟುಪಾಡು ಅಡ್ಡ ಬಂತು, ಮದುವೆಯಾಯಿತು. 1956ರಲ್ಲಿ ಅವರ ಊರು ಕೇರಳಕ್ಕೆ ಸೇರಿತು. ಅವರು ಮುಂದೆ ಪತಿಯೊಡನೆ ಮಂಗಳೂರಿನಲ್ಲಿ ನೆಲೆಸಿದರು. ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದೂ 1963ರಲ್ಲಷ್ಟೇ. ಆ ಓದಿನ ಬಲದಿಂದಲೇ ‘ಚಂದ್ರಗಿರಿಯ ತೀರದಲ್ಲಿ’ ಬರೆದರು. 2008ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಪದವಿ ಓದಿಗೆ ತಡೆಯಿದ್ದವರಿಗೆ ಎಪ್ಪತ್ತು ದಾಟಿದ ಮೇಲೆ ಬಂದ ಗೌರವವದು.

1980ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾನಿಲಯ ಕೊಣಾಜೆಯಲ್ಲೇ ಇದ್ದರೂ ನಮ್ಮ ಮಕ್ಕಳು ಅಲೀಗಢಕ್ಕೋ ಹೈದರಾಬಾದಿಗೋ ಹೋಗುವುದುಂಟು. ದಂಪತಿ ಜೊತೆಯಾಗಿ ಹೊರಟರೆ ಬಾಡಿಗೆ ಮನೆ ಒಂದೇ, ಊಟದ ಖರ್ಚೂ ಒಂದೇ ಕಡೆ. ಆದ್ದರಿಂದ ಹಿರಿಯರೇ, ರೈಲಿನ ಟಿಕೆಟ್ ತೆಗೆಸುವ ಮುನ್ನ ಪ್ರವೇಶದ ಅರ್ಜಿಗಳನ್ನು ಎರಡು ತರಿಸಿ. ಒಂದರಲ್ಲಿ ಸೊಸೆಯ ಹೆಸರು ಬರೆಸಿ.